ಹುಕ್ಕೇರಿ ಸಂತೆಯಲ್ಲಿ ತಮ್ಮನಗೌಡ

ಮೂಡಲಗಿ
ಗುರುವಾರ, ೨೧ ನವೆಂಬರ್ ೨೦೨೪

ಪ್ರೀತಿಯ ಅವ್ವಾ,

ನಿನ್ನ ಮಗ ಶಿವಕುಮಾರನ ಶರಣು. ನಿನ್ನ ಮೊಣಕಾಲು ಈಗ ಹೇಗಿದೆ? ಸುಜಾತಾಳ ಮನೆಯ ಮೆಟ್ಟಿಲು ಬಹಳ ಎತ್ತರ, ಲಿಫ್ಟು ಕೆಟ್ಟು ಕೂತಿದೆ ಎಂದು ಹೋದ ವಾರ ಹೇಳಿದ್ದೆಯಲ್ಲ. ಕಾಯಿಪಲ್ಲೆ, ಹಾಲು ಎಂದು ಮೇಲಿಂದ ಮೇಲೆ ಹತ್ತಿ ಇಳಿಯಬೇಡ. ಭಾವನವರಿಗೆ ಹೇಳಿದರೆ ಅವರೇ ತರುತ್ತಾರೆ, ಅಳಿಯನಿಗೆ ಕೆಲಸ ಹೇಳಲು ಸಂಕೋಚ ಬೇಡ. ಸುಜಾತಾ ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಕೂಸಿನ ಸರ್ದಿ ಕಡಿಮೆಯಾಯಿತೇ? ನಿನ್ನ ಸೊಸೆ ಶೋಭಾ ಅಂಟಿನ ಉಂಡೆ ಕಟ್ಟಿ ಡಬ್ಬಿ ತುಂಬಿದ್ದಾಳೆ, ಪತ್ರದ ಜೊತೆಗೇ ಬರುತ್ತದೆ. ಡಬ್ಬಿಯ ತಳದಲ್ಲಿರುವ ನಾಲ್ಕು ಉಂಡೆಗಳಿಗೆ ಶುಂಠಿ ಹೆಚ್ಚಾಗಿದೆಯಂತೆ, ಅವನ್ನು ಬಾಣಂತಿಗೆ ಕೊಡದೆ ನೀನೇ ತಿನ್ನಬೇಕಂತೆ. ಶಾಂತಿನಾಥ ಕಾಕಾರ ಮಗ ಅಭಿನಂದನ ಅರಿಷಿಣದ ವ್ಯಾಪಾರಕ್ಕೆ ಸಾಂಗ್ಲಿಗೆ ಹೊರಟಿದ್ದಾನೆ. ಇದೆಲ್ಲ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಫೋನಿದ್ದೂ ಇವನು ಪತ್ರ ಯಾಕೆ ಬರೆದ ಎಂದು ಈಗಾಗಲೇ ನಿನ್ನ ಎದೆ ಹೊಡೆದುಕೊಳ್ಳುತ್ತಿರಬೇಕು. ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಅಪ್ಪ ಆರಾಮ ಇದ್ದಾನೆ. ನಾನು ಇದನ್ನು ಬರೆಯುವ ಹೊತ್ತಿಗೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಚುರಮರಿ ತಿನ್ನುತ್ತಿದ್ದಾನೆ. ಹಸಿಮೆಣಸಿನಕಾಯಿ ಸಾಲದೆಂದು ಶೋಭಾಳೊಡನೆ ಒಂದು ಸುತ್ತು ಜಗಳವೂ ಆಗಿದೆ. ಅಷ್ಟು ಜೋರಿದ್ದಾನೆ ಎಂದರೆ ಉಳಿದದ್ದು ನಿನಗೆ ತಿಳಿಯುತ್ತದೆ. ಆದರೆ ಹೋದ ವಾರ ಒಂದು ಪ್ರಸಂಗ ನಡೆಯಿತು. ಫೋನಿನಲ್ಲಿ ಹೇಳಿದ್ದರೆ ನೀನು ಮೊದಲ ಮಾತು ಕೇಳಿ, ಉಳಿದದ್ದನ್ನು ಕೇಳದೆ ಬಸ್ಸು ಹತ್ತಿಬಿಡುತ್ತಿದ್ದೆ. ಪತ್ರವಾದರೆ ಕೊನೆಯ ತನಕ ಓದಲೇಬೇಕು. ಇನ್ನೊಂದು ಮಾತು. ಸುಜಾತಾಳ ಮೊಬೈಲಿಗೆ ಯಾರಾದರೂ ಹುಕ್ಕೇರಿ ಸಂತೆಯ ವಿಡಿಯೊ ಕಳಿಸಿದರೆ ಇದನ್ನು ಓದಿ ಮುಗಿಸುವ ತನಕ ನೋಡಬೇಡಿ. ಅದರಲ್ಲಿ ಇರುವುದು ಮೊದಲ ಅರ್ಧ ಮಾತ್ರ.

ಭಾವನವರಿಗೆ ನಮ್ಮ ಕಡೆಯ ಸಿನಿಮಾ ಅಷ್ಟಾಗಿ ಗೊತ್ತಿಲ್ಲ, ನೀನು ಓದಿ ಹೇಳುವಾಗ ಅವರಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯುತ್ತೇನೆ. ಅವರು ನೋಡಿದ್ದು ತಲೆ ತಗ್ಗಿಸಿ ಉಣ್ಣುವ, ಮಾತು ಕಡಿಮೆ ಆಡುವ ಮಾವನನ್ನು. ಈ ಮುರಿಗೆಪ್ಪ ಎನ್ನುವ ಮನುಷ್ಯ ನಾಟಕ ಕಂಪನಿಯಿಂದ ಸಿನಿಮಾಕ್ಕೆ ಹೋಗಿ, ಒಂದು ಕಾಲಕ್ಕೆ ಕೇಡಿಗನ ಪಾತ್ರವೆಂದರೆ ಇವನನ್ನೇ ಕರೆಸಬೇಕು ಎನ್ನಿಸಿಕೊಂಡಿದ್ದ. ಊರಿನ ಹೊಲ ನುಂಗುವ ಗೌಡ, ತಂಗಿಯ ಮದುವೆ ಮುರಿಯುವ ಸೋದರಮಾವ, ಗುಡಿಯ ಬಂಗಾರ ಕದಿಯುವ ಧರ್ಮದರ್ಶಿ, ಯಾವುದಿದ್ದರೂ ಅಪ್ಪನೇ. ಎಲ್ಲದಕ್ಕಿಂತ ಹೆಸರಾದದ್ದು ‘ಕರಿವಾಡೆ’ ಸಿನಿಮಾದ ತಮ್ಮನಗೌಡ. ಇವತ್ತಿಗೂ ಮಧ್ಯಾಹ್ನದ ಹೊತ್ತು ಟೀವಿಯಲ್ಲಿ ಬರುತ್ತದೆ. ಒಂದು ಹುಬ್ಬು ಏರಿಸಿ, ಇನ್ನೊಂದನ್ನು ಅಲುಗಾಡಿಸದೆ ನೋಡುವ ಆ ನೋಟ, ಹೊಟ್ಟೆಯ ಆಳದಿಂದ ಏಳುವ ಆ ನಗು. ಆ ನಗುವನ್ನು ಅಪ್ಪ ಹಿತ್ತಿಲಲ್ಲಿ ಅಭ್ಯಾಸ ಮಾಡುವಾಗ ಎಮ್ಮೆ ಹಾಲು ಬಿಡುತ್ತಿರಲಿಲ್ಲವೆಂದು ನೀನು ಅವನನ್ನು ಹೊಲಕ್ಕೆ ಅಟ್ಟುತ್ತಿದ್ದೆ. ಗೋಕಾಕದ ಬಳೆಗಾರ್ತಿಯ ಕಥೆ ನೆನಪಿದೆಯಲ್ಲ? ನಿನಗೆಂದು ಹಸಿರು ಬಳೆ ಕೇಳಲು ಹೋದರೆ ‘ಆ ಹುಡಿಗೀನ ಕೂದ್ಲಾ ಹಿಡದ ಎಳದ ಕೈಯಾಗ ನಾ ಬಳಿ ಕೊಡಾಂಗಿಲ್ಲ, ನಡೀರಿ’ ಎಂದು ಅಂಗಡಿಯಿಂದ ಇಳಿಸಿದಳು. ಮರುದಿನ ನೀನೇ ಹೋದಾಗ ನಿನ್ನ ಕೈ ಹಿಡಿದು, ‘ಪಾಪ, ಅಂಥಾವನ ಕೂಡ ಹೆಂಗ ಬಾಳೇ ಮಾಡ್ತಿ ತಂಗಿ’ ಎಂದು ಕಣ್ಣೀರು ಹಾಕಿ, ಕೇಳಿದ್ದಕ್ಕಿಂತ ಒಂದು ಜೊತೆ ಹೆಚ್ಚಿಗೇ ತೊಡಿಸಿ ಕಳಿಸಿದಳು. ಅಪ್ಪ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ನೀನು ನಗುತ್ತಿರಲಿಲ್ಲ. ಅದೂ ನನಗೆ ನೆನಪಿದೆ.

ಶಾಂತಿನಾಥ ಕಾಕಾ ಅಂಥ ಪ್ರತಿ ಸಿನಿಮಾದಲ್ಲೂ ಅಪ್ಪನ ಬಂಟ. ಸಣಕಲು ಮೈ, ಬಗ್ಗಿದ ಬೆನ್ನು, ಬಗಲಲ್ಲಿ ಮಡಿಚಿದ ಶಾಲು. ಗೌಡ ಕೆಮ್ಮಿದರೆ ಇವರು ಪೀಕದಾನಿ ಹಿಡಿಯಬೇಕು. ಕೊನೆಯ ರೀಲಿನಲ್ಲಿ ಪೊಲೀಸರು ಬಂದಾಗ ಮೊದಲು ಕೈಕೊಡುವವರೂ ಇವರೇ. ‘ಎಲ್ಲಾ ಹೇಳ್ತೇನ್ರಿ ಸಾಹೇಬ್ರ, ಎಲ್ಲಾ ಈ ಗೌಡನಽ ಮಾಡಿದ್ದು’ ಎಂದು ಬೆರಳು ತೋರಿಸಿಬಿಟ್ಟರೆ ಟೆಂಟಿನಲ್ಲಿ ಸಿಳ್ಳೆಯೋ ಸಿಳ್ಳೆ. ಪರದೆಯ ಮೇಲೆ ಅವರು ಅಪ್ಪನನ್ನು ಎಷ್ಟು ಸಲ ಹಿಡಿದುಕೊಟ್ಟಿದ್ದಾರೋ ಅವರಿಗೇ ಲೆಕ್ಕವಿಲ್ಲ. ಈಗ ಹುಕ್ಕೇರಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಹೊರಗೆ ತಿರುಗುವುದು ಕಡಿಮೆ.

ಅಂದು ಹುಕ್ಕೇರಿಯ ಸಂತೆ. ಅಂಗಡಿಯ ತೂಕದ ಯಂತ್ರವನ್ನು ಅಲ್ಲಿ ರಿಪೇರಿಗೆ ಕೊಟ್ಟಿದ್ದೆ, ತರಲು ಹೊರಟೆ. ಅಪ್ಪ ತಾನೂ ಬರುತ್ತೇನೆಂದ, ಕಾಕಾರನ್ನು ನೋಡದೆ ಇಡೀ ಮಳೆಗಾಲ ಕಳೆಯಿತು ಎಂದ. ಒಬ್ಬನನ್ನೇ ಬಿಡಬೇಡ ಎಂದು ನೀನು ಹೇಳಿ ಹೋಗಿದ್ದೆ, ನಾನು ಜೊತೆಗೇ ಕರೆದುಕೊಂಡು ಹೋದೆ. ಆದರೆ ರಿಪೇರಿಯವನು ಇನ್ನೂ ಸ್ವಲ್ಪ ಕೆಲಸವಿದೆ, ಕೂಡ್ರಿ ಎಂದಾಗ ಅಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ‘ನಾ ಹಂಗಽ ಸಂತ್ಯಾಗ ಒಂದು ಸುತ್ತ ಹಾಕಿ ಶಾಂತಿನಾಥನ್ನ ಚಾದಂಗಡ್ಯಾಗ ಕುಂಡ್ರಸಿರ್ತೇನಿ, ನೀ ಆಮ್ಯಾಲೆ ಬಾ’ ಎಂದು ಟೋಪಿ ಸರಿಮಾಡಿಕೊಂಡು ನಡೆದ. ಹಾಡಹಗಲು, ತುಂಬಿದ ಸಂತೆ, ಕೂಗಿದರೆ ಕೇಳುವಷ್ಟು ದೂರ. ನಾನು ಹೂಂ ಎಂದೆ.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಸ್ವಲ್ಪ ಅಪ್ಪ ಹೇಳಿದ, ಸ್ವಲ್ಪವನ್ನು ಅಲ್ಲೇ ಒಣಮೆಣಸಿನಕಾಯಿ ಮಾರಲು ಕೂತಿದ್ದ ಉದ್ದವ್ವ ಎಂಬ ಮುದುಕಿ ಹೇಳಿದಳು. ಗಡಿಗೆ ಮಾರುವವರ ಸಾಲಿನ ಕೊನೆಯಲ್ಲಿ ಒಂದು ಹೆಣ್ಣುಕೂಸು ನಿಂತು ಅಳುತ್ತಿತ್ತಂತೆ. ಇನ್ನೂ ಸಾಲೆಗೆ ಹೋಗುವ ವಯಸ್ಸಲ್ಲ. ಬಂದವರು ಅಯ್ಯೋ ಎನ್ನುತ್ತಿದ್ದರು, ಮುಂದೆ ಹೋಗುತ್ತಿದ್ದರು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಸರು ಕೇಳಿದ. ‘ಗುಬ್ಬಿ’ ಎಂದಿತು. ಊರು ಕೇಳಿದರೆ ‘ನಮ್ಮೂರು’ ಎಂದಿತು. ಯಾರ ಜೊತೆ ಬಂದಿ ಎಂದರೆ ‘ಅಮ್ಮಾಯಿ’ ಎಂದು ಅಜ್ಜಿಯನ್ನು ನೆನೆದು ಮತ್ತೆ ಬಾಯಿ ತೆರೆಯಿತು. ಆಗ ಅಪ್ಪ ಆ ಹುಬ್ಬಿನ ಆಟ ತೋರಿಸಿದನಂತೆ, ಒಂದು ಮೇಲೆ, ಒಂದು ಕೆಳಗೆ. ಕೂಸು ಅಳು ನಿಲ್ಲಿಸಿ ಅಪ್ಪನ ಹುಬ್ಬನ್ನು ಬೆರಳಿನಿಂದ ಮುಟ್ಟಿ ನೋಡಿತು. ಅವನು ಅದನ್ನು ಎತ್ತಿಕೊಂಡು, ಒಂದು ಪೇರಲಹಣ್ಣು ಕೈಗಿಟ್ಟು, ಗಡಿಗೆ ಸಾಲಿನಲ್ಲಿ, ಕಾಳಿನ ಸಾಲಿನಲ್ಲಿ ‘ಗುಬ್ಬಿ ಯಾರ ಕೂಸರಿ’ ಎಂದು ಕೇಳುತ್ತ ಹೋದ. ಯಾರದೂ ಅಲ್ಲ. ಹಾಗಾದರೆ ಪೊಲೀಸ್ ಠಾಣೆಗೇ ಮುಟ್ಟಿಸೋಣ ಎಂದು ರಸ್ತೆಯ ಕಡೆಗೆ ತಿರುಗಿದ. ಅಷ್ಟರಲ್ಲಿ ಕೂಸು ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು.

ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಮಕ್ಕಳ ಕಳ್ಳರ ಸುದ್ದಿ ಓಡಾಡುತ್ತಿತ್ತು. ನಮ್ಮ ಅಂಗಡಿಯ ಗುಂಪಿನಲ್ಲೂ ಬಂದಿತ್ತು, ಎಲ್ಲಿಯದೋ ಚಿತ್ರ, ಯಾರದೋ ದನಿ. ನಾನು ಓದಿ ಬಿಟ್ಟಿದ್ದೆ. ಟೆಂಪೊ ಓಡಿಸುವ ಕರೆಪ್ಪ ಎಂಬ ಹುಡುಗ ರಸ್ತೆಯ ಬಾಯಲ್ಲಿ ಅಪ್ಪನನ್ನು ತಡೆದ. ಮುದುಕನ ಹೆಗಲ ಮೇಲೆ ಎಚ್ಚರವಿಲ್ಲದ ಕೂಸು. ಅದಕ್ಕಿಂತ ಹೆಚ್ಚಾಗಿ ಅಪ್ಪನ ಮುಖ. ‘ಇವನ ಮಾರಿ ಎಲ್ಲೋ ನೋಡೇನಿ. ಖರೆ ಹೇಳತೇನಿ, ಮೊಬೈಲ್‌ನ್ಯಾಗ ನೋಡೇನಿ’ ಎಂದ. ಪಕ್ಕದವನೂ ಇಣುಕಿ, ಹೌದು, ತಾನೂ ನೋಡಿದ್ದೇನೆ ಎಂದ. ಮೂರನೆಯವನೂ ಅದನ್ನೇ ಹೇಳಿದ. ಯಾರೂ ಸುಳ್ಳು ಹೇಳಲಿಲ್ಲ ಅವ್ವಾ. ಎಲ್ಲರೂ ಖಂಡಿತ ನೋಡಿದ್ದರು. ಹುಡುಗರಿದ್ದಾಗ ಮನೆಯ ಟೀವಿಯಲ್ಲಿ ನೋಡಿದ್ದರು, ಗುಡಿಸಲಿಗೆ ಬೆಂಕಿ ಹಚ್ಚುವುದನ್ನು, ಹುಡುಗಿಯನ್ನು ಎಳೆದೊಯ್ಯುವುದನ್ನು. ಯಾವ ಊರಿನ ಯಾವ ಮನುಷ್ಯ ಎಂಬುದು ಅವರಿಗೆ ಮರೆತಿತ್ತು, ಕೆಟ್ಟವನು ಎಂಬುದಷ್ಟೇ ನೆನಪಿತ್ತು.

ಕೂಸಿನ ಹೆಸರೇನು ಎಂದು ಕೇಳಿದರು. ಅಪ್ಪ ‘ಗುಬ್ಬಿ’ ಎಂದ. ‘ಗುಬ್ಬಿ ಅಂತ! ಹಕ್ಕಿ ಹಿಡಿಯಾಕ ಬಂದಾನೇನೊ’ ಎಂದು ಒಬ್ಬ ನಕ್ಕ, ಇನ್ನೊಬ್ಬ ಕೂಸನ್ನು ಕಿತ್ತುಕೊಂಡ. ನಿದ್ದೆಯಿಂದೆದ್ದ ಕೂಸು ಚಿಟ್ಟನೆ ಚೀರಿ ಅಪ್ಪನ ಅಂಗಿಯನ್ನು ಬಿಡಲಿಲ್ಲ. ಆ ಚೀರಾಟ ಕೇಳಿ ಜನ ಓಡಿ ಬಂದರು. ಬಂದವರಿಗೆಲ್ಲ ಕಂಡದ್ದು ಅಳುವ ಕೂಸು, ಅದನ್ನು ಬಿಡಿಸಿಕೊಳ್ಳುವ ಹುಡುಗರು, ನಡುವೆ ಆ ಮುಖ. ಅಪ್ಪ ಕೈಮುಗಿದು, ‘ತಮ್ಮಾ, ನಾ ಸಿನಿಮಾದಾಗ ಪಾರ್ಟ್ ಮಾಡ್ತಿದ್ದೆ, ನಾ ನಟ ಅದೇನಿ’ ಎಂದನಂತೆ. ಅದು ಇನ್ನೂ ಕೇಡಾಯಿತು. ‘ನಮ್ಮ ಮುಂದ ನಾಟಕಾ ಮಾಡ್ತಿ?’ ಎಂದು ಕರೆಪ್ಪ ಕೈ ಎತ್ತಿದ. ಮೊದಲ ಏಟು ಬಿದ್ದದ್ದೇ ಆಗ.

ನಾನು ಯಂತ್ರ ಎತ್ತಿಕೊಂಡು ಹೊರಗೆ ಬಂದಾಗ ಜನ ಒಂದೇ ಕಡೆ ಓಡುತ್ತಿದ್ದರು. ಎತ್ತು ಹಗ್ಗ ಹರಿದಿರಬೇಕು ಎಂದುಕೊಂಡೆ. ಹತ್ತಿರ ಹೋದಾಗ ಹೆಗಲುಗಳ ಸಂದಿಯಲ್ಲಿ ನೆಲದ ಮೇಲೆ ಬಿದ್ದ ಬಿಳಿ ಟೋಪಿ ಕಂಡಿತು. ನೀನು ನೀಲಿ ಹಾಕಿ ಒಗೆಯುವ ಟೋಪಿ. ‘ನಮ್ಮಪ್ಪ ಅದಾನ್ರಿ! ಬಿಡ್ರಿ, ನಮ್ಮಪ್ಪ ಅದಾನ!’ ಎಂದು ಕೂಗಿದೆ. ಒಬ್ಬ ತಿರುಗಿ ನೋಡಿ, ‘ಇವನೂ ಅವರ ಪೈಕಿನಽ’ ಎಂದ. ಅಷ್ಟೇ. ಯಂತ್ರ ಕೈತಪ್ಪಿತು, ಇಬ್ಬರು ನನ್ನನ್ನು ಒಂದು ಅಂಗಡಿಯ ಶೆಟರಿಗೆ ಒತ್ತಿ ಹಿಡಿದರು. ಅವರ ತಲೆಗಳ ಆಚೆಗೆ ಅಪ್ಪ ಮಣ್ಣಿನಲ್ಲಿ ಕೂತಿದ್ದ, ಎಡಗೈಯನ್ನು ಎದೆಗೆ ಅವುಚಿಕೊಂಡು. ತುಟಿಯಿಂದ ರಕ್ತ. ಕನ್ನಡಕವಿಲ್ಲದೆ ಯಾರು ಯಾವ ಕಡೆಯಿಂದ ಬರುತ್ತಾರೆಂದು ತಿಳಿಯದೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಸಿನಿಮಾದಲ್ಲಿ ಅವನು ಹೊಡೆತ ತಿಂದು ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಅದು ಇದರ ಹಾಗೆ ಇರುತ್ತಿರಲಿಲ್ಲ. ಮೊಬೈಲು ಎತ್ತಿ ಹಿಡಿದವರು ಎಷ್ಟೋ ಜನ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಇಲ್ಲಿಗೆ ಮುಗಿಯಿತು, ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಆಗ ಚಾದಂಗಡಿಯ ಕಡೆಯಿಂದ, ಅಪ್ಪನ ಫೋನಿಗೆ ಅಲ್ಲಿ ಬಂದು ಕಾಯುತ್ತಿದ್ದ ಶಾಂತಿನಾಥ ಕಾಕಾ ಬಂದರು. ಅವರು ಕೂಗಲಿಲ್ಲ. ಕೂಗಿದವರ ಮಾತನ್ನು ಅಲ್ಲಿ ಯಾರೂ ಕೇಳುತ್ತಿಲ್ಲವೆಂದು ಅವರಿಗೆ ತಿಳಿದಿರಬೇಕು. ಬೆನ್ನು ಬಗ್ಗಿಸಿ, ಶಾಲನ್ನು ಮಡಿಚಿ ಬಗಲಲ್ಲಿಟ್ಟು, ಆ ಬಂಟನ ನಡಿಗೆಯಲ್ಲಿ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಗುಂಪಿನೊಳಗೆ ಹೊಕ್ಕರು. ಇದ್ಯಾವ ಹುಚ್ಚ ಎಂದು ಜನ ಸರಿದು ದಾರಿ ಬಿಟ್ಟರು. ನೇರ ಅಪ್ಪನ ಮುಂದೆ ಹೋಗಿ, ಎರಡೂ ಕೈ ಜೋಡಿಸಿ, ಕತ್ತು ಓರೆ ಮಾಡಿ, ‘ಕರಿವಾಡೆ’ಯ ಬಂಟ ಕೇಳುವ ಹಾಗೆಯೇ, ‘ಧಣೇರ, ಗಾಡಿ ಹೂಡ್ಲೇನ್ರಿ?’ ಎಂದರು.

ಎತ್ತಿದ ಕೈಗಳು ಎತ್ತಿದಂತೆಯೇ ನಿಂತವು. ಯಾರಿಗೂ ಅರ್ಥವಾಗಲಿಲ್ಲ. ಅಪ್ಪನಿಗೂ ಕ್ಷಣಕಾಲ ಆಗಲಿಲ್ಲವೆಂದು ಕಾಣುತ್ತದೆ, ದನಿ ಬಂದ ಕಡೆ ಮುಖವೆತ್ತಿದ. ಕಾಕಾ ಮತ್ತೊಮ್ಮೆ, ಈ ಸಲ ಇನ್ನೂ ಜೋರಾಗಿ, ಕೊನೆಯ ಸಾಲಿನವರಿಗೂ ಮುಟ್ಟುವ ನಾಟಕದ ದನಿಯಲ್ಲಿ ಕೇಳಿದರು, ‘ಧಣೇರ, ಗಾಡಿ ಹೂಡ್ಲೇನ್ರಿ?’ ಅಪ್ಪ ಬಲಗೈ ನೆಲಕ್ಕೂರಿ ಎದ್ದ. ಹೇಗೆ ಎದ್ದನೋ ದೇವರೇ ಬಲ್ಲ. ಧೋತರದ ಮಣ್ಣು ಕೊಡವಲಿಲ್ಲ, ತುಟಿಯ ರಕ್ತ ಒರೆಸಿಕೊಳ್ಳಲಿಲ್ಲ. ಸೊಂಟ ನೆಟ್ಟಗೆ ಮಾಡಿ, ಗದ್ದವೆತ್ತಿ, ಒಂದು ಹುಬ್ಬು ಏರಿಸಿ ಸುತ್ತ ನಿಂತವರನ್ನೆಲ್ಲ ಒಂದು ಸಲ ನೋಡಿದ. ಆಮೇಲೆ ಕಾಕಾರ ಹೆಗಲ ಮೇಲೆ ಕೈಯಿಟ್ಟು, ‘ಗಾಡಿ ಬ್ಯಾಡಲೇ. ಈ ಊರಽ ನಂದೈತಿ, ನಡಕೋತ ಹೋಗೂಣು’ ಎಂದು ಹೇಳಿ ನಕ್ಕ. ಅವ್ವಾ, ಅದೇ ನಗು. ಸಂತೆಯ ಆ ತುದಿಯಲ್ಲಿ ಕೋಳಿ ಮಾರುವವರ ತನಕ ಕೇಳಿತಂತೆ.

ಮೊದಲು ಗುರುತಿಸಿದವಳು ಉದ್ದವ್ವ. ‘ಅಯ್ಯ ನನ್ನ ಶಿವನ, ಇಂವಾ ಕರಿವಾಡೇದ ತಮ್ಮನಗೌಡ ಅಲ್ಲೇನ!’ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮೆಣಸಿನಕಾಯಿ ಬುಟ್ಟಿ ದಾಟಿ ಬಂದು ಆ ಹುಡುಗರ ಮೇಲೆ ಏರಿಹೋದಳು, ‘ನಿಮ್ಮ ಕೈ ಸೇದಿ ಹೋಗ್ಲಿ, ನಮ್ಮ ಗೌಡನ ಮೈಮ್ಯಾಲೆ ಕೈ ಮಾಡ್ತೀರಿ?’ ಇದೇ ಉದ್ದವ್ವ ಹರೆಯದಲ್ಲಿ ಟೆಂಟಿನಲ್ಲಿ ತಮ್ಮನಗೌಡನ ಮೇಲೆ ಹಿಡಿ ಮಣ್ಣು ತೂರಿ ಪರದೆ ಹೊಲಸು ಮಾಡಿದವಳಂತೆ. ಆಮೇಲೆ ತಾನೇ ಹೇಳಿಕೊಂಡು ನಕ್ಕಳು. ಒಬ್ಬೊಬ್ಬರಾಗಿ ಹಿರಿಯರು ಗುರುತು ಹಿಡಿದರು. ನನ್ನನ್ನು ಒತ್ತಿ ಹಿಡಿದವರು ಕೈ ಸಡಿಲಿಸಿದರು, ಒಬ್ಬ ನನ್ನ ಅಂಗಿಯ ಕಾಲರನ್ನು ಸರಿಮಾಡಲೂ ಬಂದ. ನಾನು ಓಡಿ ಹೋಗಿ ಅಪ್ಪನನ್ನು ಹಿಡಿದುಕೊಂಡೆ. ಬೆಟ್ಟದ ಹಾಗೆ ನಿಂತಿದ್ದವನು ನನ್ನ ಮೇಲೆ ಭಾರ ಹಾಕಿದ. ‘ಶಿವೂ, ನನ್ನ ಬಿಡಬ್ಯಾಡ, ಬೀಳ್ತೇನಿ’ ಎಂದು ಕಿವಿಯಲ್ಲಿ ಹೇಳಿದ.

ಅಷ್ಟಾದರೂ ಕರೆಪ್ಪನ ಅನುಮಾನ ಹೋಗಿರಲಿಲ್ಲ. ‘ಸಿನಿಮಾದಾಂವ ಆದ್ರ ಏನಾತು? ಕೂಸು ಯಾರದು, ಅದನ್ನ ಹೇಳ್ರಿ’ ಎಂದ. ಕೇಳಿದ್ದು ತಪ್ಪಲ್ಲ. ಅದಕ್ಕೆ ಉತ್ತರವಾಗಿ ತಲೆಯ ಸೆರಗು ಜಾರಿದ ಒಬ್ಬ ಅಜ್ಜಿ ‘ಗುಬ್ಬೀ, ಏ ನನ್ನ ಗುಬ್ಬೀ’ ಎಂದು ಅಳುತ್ತ ಜನರನ್ನು ನೂಕಿ ಬಂದಳು. ದಡ್ಡಿ ಎಂಬ ಊರಿನ ಕೆಂಚವ್ವ. ಬಿತ್ತನೆ ಕಡಲೆ ಕೊಳ್ಳುವಾಗ ಸೆರಗು ಹಿಡಿದು ನಿಂತ ಮೊಮ್ಮಗಳು ಬೇರೆ ಯಾರದೋ ಸೆರಗು ಹಿಡಿದು ಹೋಗಿಬಿಟ್ಟಿದ್ದಳಂತೆ. ಬಸ್ ನಿಲ್ದಾಣ, ಗುಡಿ, ಬಾವಿಕಟ್ಟೆ ಎಲ್ಲ ಹುಡುಕಿ ಬಂದಿದ್ದಳು. ಕೂಸು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಿತು. ಅಜ್ಜಿ ಅದನ್ನು ಒತ್ತಿಕೊಂಡು ಅತ್ತಳು, ಬೆನ್ನಿಗೆ ಒಂದು ಹೊಡೆದಳು, ಮತ್ತೆ ಅತ್ತಳು. ಎಲ್ಲ ಮುಗಿದ ಮೇಲೆ ಆ ಕೂಸು ಅಜ್ಜಿಯ ಸೊಂಟದಿಂದ ಬಾಗಿ ಎರಡೂ ಕೈಯನ್ನು ಅಪ್ಪನ ಕಡೆ ಚಾಚಿತು. ಇಡೀ ಸಂತೆ ನೋಡುತ್ತಿತ್ತು. ಅಪ್ಪ ಅದನ್ನು ಬಲಗೈಯಿಂದ ತೆಗೆದುಕೊಂಡ. ಅದು ಅವನ ತುಟಿಯ ರಕ್ತವನ್ನು ನೋಡಿ, ‘ಅಜ್ಜಾ, ಉಬ್ಬು ಮಾಡು’ ಎಂದಿತು. ಹುಬ್ಬು ಎನ್ನಲು ಅದಕ್ಕೆ ಬರುವುದಿಲ್ಲ. ಅಪ್ಪ ಹುಬ್ಬು ಏರಿಸಿದ. ಆಗ ಅವನ ಕಣ್ಣಲ್ಲಿ ನೀರು ಬಂತು. ವಿಡಿಯೊದಲ್ಲಿ ಇದು ಇಲ್ಲ. ಹೊಡೆತ ನಿಂತ ಕೂಡಲೇ ಮೊಬೈಲುಗಳೆಲ್ಲ ಕಿಸೆ ಸೇರಿದ್ದವು.

ಪೊಲೀಸರು ಬಂದರು. ಹೋಗಲಿ ಬಿಡ್ರಿ, ಹುಡುಗರು, ತಿಳಿಯದೆ ಮಾಡಿದರು ಎಂದು ಊರಿನ ಒಬ್ಬಿಬ್ಬರು ಹಿರಿಯರು ಹೇಳಿದರು. ಅಪ್ಪ ಹಾಗೇ ಮಾಡುತ್ತಾನೆಂದು ನಾನೂ ಅಂದುಕೊಂಡೆ, ಅವನ ಸ್ವಭಾವ ಗೊತ್ತಲ್ಲ. ಆದರೆ ಅವನು ಕೂತು ನಡೆದದ್ದನ್ನೆಲ್ಲ ಹೇಳಿ ಬರೆಸಿದ. ‘ನನ್ನ ಮಾರಿ ಪರದೆ ಮ್ಯಾಲೆ ಇತ್ತು ಅಂತ ಉಳಕೊಂಡೆ. ಪರದೆ ಮ್ಯಾಲೆ ಇಲ್ಲದಾಂವ ಕೂಸು ಎತಗೊಂಡಿದ್ರ?’ ಎಂದು ಅವರನ್ನೇ ಕೇಳಿದ.

ಅಲ್ಲಿಂದ ಅಭಿನಂದನ ತನ್ನ ಗಾಡಿಯಲ್ಲಿ ನಮ್ಮನ್ನು ಗೋಕಾಕಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ರಸ್ತೆಯ ಪ್ರತಿ ಗುಂಡಿಗೆ ಅಪ್ಪ ಹಲ್ಲು ಕಚ್ಚುತ್ತಿದ್ದ, ಪ್ರತಿ ಸಲವೂ ಕಾಕಾ ‘ಹಗುರಕ ಹೊಡಿಯೋ’ ಎಂದು ಮಗನನ್ನು ಬಯ್ಯುತ್ತಿದ್ದರು. ತಲೆಯ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಹೊರಗೆ ಬಂದು, ತಲೆಗೆ ಏನೂ ಆಗಿಲ್ಲ, ಪಕ್ಕೆಲುಬು ಗಟ್ಟಿಯಿದೆ, ಎಡ ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ತುಟಿಗೆ ಎರಡು ಹೊಲಿಗೆ, ಅಷ್ಟೇ ಎಂದರು. ಆ ‘ಅಷ್ಟೇ’ ಎನ್ನುವ ಮಾತು ನನ್ನ ಜನ್ಮದಲ್ಲಿ ಅಷ್ಟು ಸಿಹಿಯಾಗಿ ಯಾವತ್ತೂ ಕೇಳಿಸಿರಲಿಲ್ಲ. ಹೊರಗೆ ಬಂದು, ಬೈಕುಗಳು ನಿಲ್ಲುವ ಬೇವಿನಗಿಡದ ಕೆಳಗೆ ನಿಂತು ಮನಸ್ಸು ಹಗುರಾಗುವ ತನಕ ಅತ್ತೆ. ಹಿಂದಿನಿಂದ ಕಾಕಾ ಬಂದು ಶಾಲನ್ನು ಕೈಗೆ ಕೊಟ್ಟರು. ನಾನು ಅದರಲ್ಲೇ ಮುಖ ಒರೆಸಿಕೊಂಡೆ. ‘ಇಷ್ಟು ವರ್ಷ ನಿಮ್ಮಪ್ಪನ್ನ ಹಿಡದ ಕೊಟ್ಟ ಕೊಟ್ಟ ಸಾಕಾಗಿತ್ತೋ’ ಎಂದರು. ಆಮೇಲೆ ಇಬ್ಬರೂ ನಕ್ಕೆವು, ಆಸ್ಪತ್ರೆಯ ಅಂಗಳ ಎಂಬುದನ್ನೂ ಮರೆತು.

ಮರುದಿನ ಕರೆಪ್ಪ ಆಸ್ಪತ್ರೆಗೆ ಬಂದ. ಕೈಯಲ್ಲಿ ಕರದಂಟಿನ ಪೊಟ್ಟಣ, ಮುಖ ಬಾಡಿಹೋಗಿತ್ತು. ನನಗೆ ಅವನನ್ನು ಒಳಗೆ ಬಿಡುವ ಮನಸ್ಸಿರಲಿಲ್ಲ, ಬಾಗಿಲಿಗೆ ಅಡ್ಡ ನಿಂತೆ. ಅಪ್ಪ ಒಳಗಿನಿಂದಲೇ, ‘ಬರ್ಲಿ ಬಿಡೋ’ ಎಂದ. ಆ ಹುಡುಗ ಮಂಚದ ಕಾಲು ಹಿಡಿದುಕೊಂಡು, ತನ್ನ ಮನೆಯಲ್ಲೂ ಅಷ್ಟೇ ಸಣ್ಣ ಮಗಳಿದ್ದಾಳೆ, ಅವಳೇ ಕಣ್ಣ ಮುಂದೆ ಬಂದಳು, ತಲೆ ಕೆಟ್ಟಿತು ಎಂದು ಅತ್ತ. ಅಪ್ಪ ಅವನ ತಲೆ ಮೇಲೆ ಕೈಯಿಟ್ಟ. ‘ಸಿನಿಮಾದಾಗ ಇಷ್ಟು ವರ್ಷ ಹೊಡಿಸಿಕೊಂಡೇನಿ, ಒಂದಾದ್ರೂ ಮೈಗೆ ಹತ್ತಿಲ್ಲ. ಮೊದಲ ಪೆಟ್ಟು ನಿಂದಽ ನೋಡು’ ಎಂದು ನಗಿಸಲು ನೋಡಿದ. ಆ ಹುಡುಗ ನಗಲಿಲ್ಲ. ಬರೆಸಿದ್ದನ್ನು ತಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೂ ಅಪ್ಪ ಅವನಿಗೆ ಮೆತ್ತಗೆ ಹೇಳಿದ. ಕರೆಪ್ಪ ಹೂಂ ಎಂದ.

ಅವನು ಹೋದ ಮೇಲೆ ಅಪ್ಪ ಫ್ಯಾನು ನೋಡುತ್ತ ತನಗೆ ತಾನೇ ಎನ್ನುವ ಹಾಗೆ ಹೇಳಿದ, ‘ತಮ್ಮನಗೌಡ ತಾ ಕೆಟ್ಟಾಂವ ಅಂತ ಎಂದೂ ಅನಕೊಂಡಿಲ್ಲ, ಶಿವೂ. ಊರು ಕಾಯಾಕತ್ತೇನಿ ಅಂತನಽ ಅಂವಾ ತಿಳಕೊಂಡಿದ್ದ. ನಾ ಆ ಪಾರ್ಟಿನಾಗ ಅದನ್ನ ತರಾಕ ಎಷ್ಟು ಒದ್ದಾಡಿದ್ದೆ. ನಿನ್ನೆ ಆ ಹುಡುಗೂರ ಕಣ್ಣಾಗ ಅದನ್ನ ಕಂಡೆ.’ ನಾನು ನೀರು ಕುಡಿಸಿದೆ. ಕುಡಿದು, ಉಪ್ಪಿಟ್ಟು ಸಿಗುತ್ತದೇನೋ ನೋಡು ಎಂದ. ಆಗ ನನಗೆ ಪೂರ್ತಿ ಧೈರ್ಯ ಬಂತು.

ಈಗ ಮನೆಗೆ ಬಂದಿದ್ದೇವೆ. ಹೊಲಿಗೆ ಬಿಚ್ಚಿದ್ದಾರೆ, ಕೈಗೆ ಮಾತ್ರ ಇನ್ನೂ ಕೆಲ ದಿನ ಪ್ಲಾಸ್ಟರ್ ಇರುತ್ತದೆ. ಹೊಸ ಕನ್ನಡಕ ಮಾಡಿಸಿದೆ, ಚೌಕಟ್ಟು ದೊಡ್ಡದಾಯಿತೆಂದು ಗೊಣಗುತ್ತಾನೆ. ಕೆಂಚವ್ವ ಗುಬ್ಬಿಯನ್ನು ಕರೆದುಕೊಂಡು ನಿನ್ನೆ ಮೂಡಲಗಿಗೇ ಬಂದಿದ್ದಳು, ಹೊಸ ಬೆಲ್ಲ, ಮನೆಯ ತುಪ್ಪ ಕಟ್ಟಿಕೊಂಡು. ಕಾಕಾ ಈ ವಾರದಲ್ಲೇ ಎರಡು ಸಲ ಬಂದರು. ಇಬ್ಬರೂ ಕಟ್ಟೆಯ ಮೇಲೆ ಕೂತು ಯಾವ ಸಿನಿಮಾದಲ್ಲಿ ಯಾರು ಹೇಗೆ ಸತ್ತರು ಎಂದು ಜಗಳವಾಡುತ್ತಾರೆ, ಓಣಿಯ ಜನ ನಿಂತು ಕೇಳುತ್ತಾರೆ. ಹೆದರಿಕೆ ಹೋಗಿಲ್ಲ ಎಂದರೆ ಸುಳ್ಳಾಗುತ್ತದೆ. ಬೈ­ಕು ಜೋರಾಗಿ ಬಂದರೆ ಅಪ್ಪ ಇನ್ನೂ ಬೆಚ್ಚುತ್ತಾನೆ. ಆದರೆ ಉಣ್ಣುತ್ತಾನೆ, ಮಲಗುತ್ತಾನೆ, ಬಯ್ಯುತ್ತಾನೆ. ನೀನು ಗಾಬರಿಯಾಗಿ ಬಾಣಂತಿಯನ್ನು ಬಿಟ್ಟು ಓಡಿ ಬರಬೇಡ.

ಸುಜಾತಾಳಿಗೆ ಈ ಪತ್ರವನ್ನು ನೀನೇ ಓದಿ ಹೇಳು, ಅಳುವ ಜಾಗ ಬಂದಾಗ ಸ್ವಲ್ಪ ಬೇಗ ಬೇಗ ಓದು. ಭಾವನವರಿಗೆ ನಮಸ್ಕಾರ. ಕೂಸಿನ ಅಂಗಾಲಿಗೆ ಈ ಮಾಮನದೊಂದು ಮುತ್ತು. ಶೋಭಾ ನಿನ್ನ ಪಾದಕ್ಕೆ ಶರಣು ತಿಳಿಸಿದ್ದಾಳೆ. ಬಸವಣ್ಣ ನಮ್ಮನ್ನೆಲ್ಲ ಒಂದು ಕಣ್ಣಿಟ್ಟು ಕಾದ, ಅಷ್ಟು ಸಾಕು.

ನಿನ್ನ ಮಗ,
ಶಿವಕುಮಾರ

ತಾ.ಕ.: ಅಭಿನಂದನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ರವಿವಾರ ನಾನೂ ಅಪ್ಪನೂ ಸಾಂಗ್ಲಿಗೆ ಬರುತ್ತೇವೆ. ಕೂಸು ಹುಟ್ಟಿದಾಗಿನಿಂದ ಅವನು ಯಾಕೆ ಬರಲಿಲ್ಲವೆಂದು ನಿನಗೂ ಗೊತ್ತಿಲ್ಲ, ನಿನ್ನೆ ಗುಬ್ಬಿ ಹೋದ ಮೇಲೆ ನನಗೆ ಹೇಳಿದ. ಸುಜಾತಾ ಸಣ್ಣವಳಿದ್ದಾಗ ಒಮ್ಮೆ ಶೂಟಿಂಗಿನ ಬಣ್ಣ ತೊಳೆಯದೆ ಮನೆಗೆ ಬಂದನಂತೆ, ಅವಳು ಚೀರಿ ಮಂಚದ ಕೆಳಗೆ ಹೊಕ್ಕು ಜ್ವರ ಬಂದು ಮಲಗಿದಳಂತೆ. ತನ್ನ ಮುಖ ಕಂಡು ಎಳೆಗೂಸು ಬೆಚ್ಚಿಬಿದ್ದರೆ ಏನು ಗತಿ ಎಂದು ಇಷ್ಟು ದಿನ ನೆಪ ಹೇಳುತ್ತಿದ್ದ. ಈಗ ‘ಆ ಕೂಸು ನನ್ನ ಹೆಗಲ ಮ್ಯಾಲೆ ಮಲಗಿತ್ತಲ್ಲೋ’ ಎಂದು ನಿನ್ನೆಯಿಂದ ನಾಲ್ಕು ಸಲ ಹೇಳಿದ್ದಾನೆ, ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು ಕೂತಿದ್ದಾನೆ. ಅವನು ಬಂದಾಗ ಯಾರೂ ಏನೂ ಕೇಳಬೇಡಿ. ಕೂಸನ್ನು ತಂದು ಅವನ ಬಲಗೈಯಲ್ಲಿ ಇಡಿ.